ಮೂರನೆಯವಳಿಗೆ ಆರನೆಯವನು

11 ನವೆಂಬರ್ 2025, ಮಂಗಳವಾರ

ಠಾಣೆಯ ಆಫೀಸಿನಿಂದ ಇವತ್ತೂ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದೆ. ಡೊಂಬಿವಲಿಯಲ್ಲಿ ಇಳಿದು ಸೀದಾ ಎಂಐಡಿಸಿ ಕೈಗಾರಿಕಾ ಪ್ರದೇಶದ ಗ್ಯಾರೇಜಿಗೆ. ನಮ್ಮ ಬೈಕಿನ ಹೊಟ್ಟೆಯೊಳಗಿನದೆಲ್ಲ ಗೋಣಿಯ ಮೇಲೆ ಹರಡಿತ್ತು. ಮೆಕ್ಯಾನಿಕ್ ಸೈದಪ್ಪ ಹೇಳಿದ, "ನೀವು ಹಗುರ ಅದೀರಿ ಅಕ್ಕಾರ, ನಿಮಗ ಗಾಡಿ ಓಡತೈತಿ. ವಿಕಾಸಣ್ಣಾರಿಗೆ ಇಂಜಿನ್ನಿಗಿಂತ ಮೊದಲ ಹೊಟ್ಟಿ ಟ್ಯೂನ್ ಮಾಡಬೇಕ್ರಿ."

ಮನೆಗೆ ಬಂದು ಗಂಡನಿಗೆ ಹೇಳಿದೆ. ನಕ್ಕ. ನಕ್ಕು ಇನ್ನೊಂದು ಗೋಳಿಬಜೆ ಬಾಯಿಗೆ ಹಾಕಿಕೊಂಡ.

ಡ್ರ್ಯಾಗ್ ರೇಸ್ ಅವನ ಹುಚ್ಚು. ಕಾಲು ಮೈಲಿ ನೇರ ರಸ್ತೆ, ಒಮ್ಮೆಗೆ ಇಬ್ಬರು, ಮೊದಲು ಮುಟ್ಟಿದವರು ಮುಂದಿನ ಸುತ್ತಿಗೆ. ಈ ಸಲ ನಾನೂ ಹೆಸರು ಕೊಟ್ಟಿದ್ದೇನೆ. ಬೈಕ್ ಒಂದೇ, ಸರದಿಯಲ್ಲಿ ಓಡಿಸಿದರಾಯಿತು.

16 ನವೆಂಬರ್, ಭಾನುವಾರ

ಊಟವಾದ ಮೇಲೆ ವಿಕಾಸನ ಜೊತೆ ಕ್ಯಾರಂ. ನಾನು ಗೆದ್ದೆ. ಅಂದರೆ, ಅವನು ಸೋತ. ಕಣ್ಣು ಮುಚ್ಚಿ ಹೊಡೆದರೂ ಬೀಳುವ ಕಾಯಿ — ಬಿಟ್ಟ. ಯಾವಾಗಲೂ ಹೀಗೇ. ಮದುವೆಯಾದಂದಿನಿಂದ ಒಂದು ಆಟವನ್ನಾದರೂ ನಿಜವಾಗಿ ಗೆದ್ದಿದ್ದೇನೆಯೇ... ಗೊತ್ತಿಲ್ಲ. "ಅದು ಪ್ರೀತಿ ಮಾರಾಯ್ತಿ," ಎಂದರು ಅತ್ತೆ. ಇರಬಹುದು. ನನಗೆ ಮೈ ಉರಿಯುತ್ತದೆ.

22 ನವೆಂಬರ್, ಶನಿವಾರ. ಸಂಜೆ. ಕರ್ಜತ್‌ನ ಲಾಡ್ಜ್

ಇವತ್ತು ಕ್ವಾಲಿಫೈಯಿಂಗ್. ಒಬ್ಬೊಬ್ಬರೇ ಎರಡು ಸಲ ಓಡಿಸುವುದು, ಉತ್ತಮ ಟೈಮ್ ಲೆಕ್ಕಕ್ಕೆ. ಮೊದಲ ಎಂಟು ಮಂದಿಗೆ ನಾಳೆ ರೇಸ್. ಒಂದನೆಯವನಿಗೆ ಎಂಟನೆಯವನು, ಎರಡಕ್ಕೆ ಏಳು, ಮೂರಕ್ಕೆ ಆರು, ನಾಲ್ಕಕ್ಕೆ ಐದು.

ಮೊದಲ ಓಟ ಮುಗಿದಾಗ ನಾನು ಮೂರು. ವಿಕಾಸ್ ಆರು.

ಬೋರ್ಡಿನ ಮುಂದೆ ಇಬ್ಬರೂ ಬಾಯಿ ಬಿಟ್ಟುಕೊಂಡು ನಿಂತೆವು. ಒಂದೇ ಬೈಕಿನಲ್ಲಿ ಇಬ್ಬರು ಅಕ್ಕಪಕ್ಕ ಹೇಗೆ ಓಡಿಸುವುದು? ಇಷ್ಟು ದಿನ ಇದು ಒಬ್ಬರ ತಲೆಗೂ ಹೊಳೆದಿರಲಿಲ್ಲ. ಬುದ್ಧಿವಂತರ ಸಂಸಾರ.

"ಅದಕ್ಕೆಂತ? ನಾನು ಬಿಡ್ತೇನೆ, ನೀನು ಹೋಗು," ಎಂದ. ಎಷ್ಟು ಸಲೀಸಾಗಿ!

"ನೀನು ಬಿಟ್ಟದ್ದನ್ನು ಹೆಕ್ಕಲಿಕ್ಕೆ ನಾನು ಬಂದದ್ದಲ್ಲ," ಎಂದೆ. ನಾಲ್ಕು ಜನ ತಿರುಗಿ ನೋಡಿದರು. ನೋಡಲಿ. ಒಂದು ಸಲವಾದರೂ ನನ್ನ ಗೆಲುವು ನನ್ನದೇ ಆಗಬೇಕು, ಅಷ್ಟೇ.

ಎರಡನೆಯ ಓಟ. ಅವನು ಆರರಲ್ಲೇ ಉಳಿದ. ನಾನು ಸಿಟ್ಟಿನಲ್ಲೇ ಹೊರಟೆ — ಎರಡನೆಯ ಸ್ಥಾನ! ಈಗ ನನ್ನೆದುರು ಏಳನೆಯವನು, ಖಾರ್‌ಘರ್‌ನ ಸುಜನ್. ವಿಕಾಸನೆದುರು, ನನ್ನಿಂದ ಮೂರಕ್ಕೆ ಜಾರಿದ ಪನ್ವೇಲಿನ ದಾಂಡಿಗ.

ಅತ್ತೆಗೆ ಫೋನ್ ಮಾಡಿದೆ. "ನೀನು ಮೇಲೆ ಹತ್ತಿ ನನ್ನ ಮಗನ ತಲೆಗೆ ಗಟ್ಟಿಯವನನ್ನು ಕಟ್ಟಿದ್ದಾ!" ಎಂದು ನಕ್ಕರು.

ಈ ಎರಡು ಜೋಡಿಗಳಲ್ಲಿ ಗೆದ್ದವರೇ ಸೆಮಿಫೈನಲ್‌ನಲ್ಲಿ ಎದುರಾಗುವುದು. ಇಬ್ಬರೂ ಗೆದ್ದರೆ ಮತ್ತೆ ಇದೇ ಪಂಚಾತಿಕೆ. ಆಗಿನದು ಆಗ.

23 ನವೆಂಬರ್, ಭಾನುವಾರ. ಸಂಜೆ. ಮನೆ

ಇಬ್ಬರೂ ಗೆದ್ದೆವು. ನಾನು ಸುಜನನನ್ನು ಚೊಕ್ಕವಾಗಿ ಹಿಂದೆ ಹಾಕಿದೆ. ಪನ್ವೇಲಿನವನು ಹಸಿರು ದೀಪ ಬರುವ ಮೊದಲೇ ನೆಗೆದು ಔಟ್. ವಿಕಾಸನಿಗೆ ಬಿಟ್ಟಿ ಗೆಲುವು.

"ಈಗ ನಾನು—" ಎಂದು ಅವನು ಶುರು ಮಾಡುವಷ್ಟರಲ್ಲಿ ಸುಜನ್ ಬಂದ. "ಭಾಭೀ, ಮೇರೀ ಬೈಕ್ ಲೇ ಲೋ ನಾ. ಖಾಲೀ ಖಡೀ ಹೈ." ಸೋಲಿಸಿದವಳಿಗೆ ಬೈಕ್ ಕೊಡುವ ಹುಡುಗ! ತಬ್ಬಿಕೊಳ್ಳೋಣ ಅನ್ನಿಸಿತು. ರೇಸ್ ನಡೆಸುವ ಮುರಾರಿಯವರು ಉಳಿದವರನ್ನು ಕೇಳಿದರು. ಯಾರೂ ಬೇಡ ಅನ್ನಲಿಲ್ಲ.

"ಮೇಲಿನ ಸ್ಥಾನದವರಿಗೆ ಲೇನ್ ಆರಿಸುವ ಹಕ್ಕು ಉಂಟು. ಬೈಕೂ ಅವರೇ ಆರಿಸಲಿ," ಎಂದರು ಮುರಾರಿ.

ನಮ್ಮ ಬೈಕನ್ನು ವಿಕಾಸನಿಗೆ ಕೊಟ್ಟೆ. ಗಾಡಿಯಿಂದ ಗೆದ್ದಳು ಅನ್ನಿಸಿಕೊಳ್ಳಬಾರದು. ಲೇನ್ ಮಾತ್ರ ಬಲಗಡೆಯದನ್ನೇ ಆರಿಸಿದೆ, ಎಡಗಡೆಯದರಲ್ಲಿ ಎಣ್ಣೆಯ ಕಲೆ ಇತ್ತು. ಅಷ್ಟೆಲ್ಲ ಧಾರಾಳಿ ನಾನಲ್ಲ.

ಹಸಿರು. ಕೊನೆಯವರೆಗೂ ಅವನ ಮುಂದಿನ ಚಕ್ರ ಕಣ್ಣಂಚಿನಲ್ಲೇ ಇತ್ತು. ಅರ್ಧ ಚಕ್ರದಷ್ಟು ಅಂತರ, ನಾನು ಮುಂದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ನನಗೆ ಒಂದೇ ಚಿಂತೆ: ಬೇಕೆಂದೇ ಬಿಟ್ಟನಾ? ಫೈನಲ್‌ನಲ್ಲೂ ಅದೇ ತಲೆಯಲ್ಲಿತ್ತು. ಸೋತೆ. ದುಃಖವೇನೂ ಆಗಲಿಲ್ಲ.

ಟೆಂಪೋದಲ್ಲಿ ವಾಪಸು. ಬದಲಾಪುರದಲ್ಲಿ ವಿಕಾಸನಿಗೆ ಚಹಾ ಬೇಕಾ ಎಂದರೆ ಬೇಡ. ಚಹಾ ಬೇಡ ಎಂದವನೇ ಅಲ್ಲ ಅವನು. ಮುಖ ಗೋಳಿಬಜೆಯ ಹಾಗೆ ಊದಿತ್ತು. ಅಂಬರನಾಥ ದಾಟುವಾಗ ಬಾಯಿ ಬಿಟ್ಟ.

"ನನ್ನ ಲೇನ್ ಸರಿ ಇರ್ಲಿಲ್ಲ."

ಬಿಟ್ಟುಕೊಟ್ಟವನು ಹೀಗೆ ಹೇಳುತ್ತಾನೆಯೇ? ಕಿಟಕಿಯ ಕಡೆ ತಿರುಗಿ ನಕ್ಕೆ. ಇಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಸೋತ ಗಂಡನ ಮೇಲೆ ಇಷ್ಟು ಪ್ರೀತಿ ಬರುತ್ತದೆಂದೂ ಗೊತ್ತಿರಲಿಲ್ಲ.

ಈಗ ಹೊರಗೆ ಅತ್ತೆಗೆ ವರದಿ ಒಪ್ಪಿಸುತ್ತಿದ್ದಾನೆ. ಲೇನ್ ಹಾಳಂತೆ. ಕ್ಲಚ್ ಬಿಸಿಯಾಗಿತ್ತಂತೆ. ಗಾಳಿಯೂ ಎದುರಿನಿಂದಂತೆ — ಅವನಿಗೊಬ್ಬನಿಗೇ! ಇನ್ನು ಕೇಳಿಕೊಂಡು ಕೂರಲಾರೆ, ಹೋಗಿ ಅತ್ತೆಗೆ ನಾನೇ ಹೇಳುತ್ತೇನೆ.