ಶೆಡ್ಡಿನ ಹಿಂದೆ ಉಳಿದ ಗಾಯಾಳುವಿನಿಂದ ಮುಖ್ಯ ಸುರಕ್ಷತಾ ಪರಿವೀಕ್ಷಕರಿಗೆ

ಮಾನ್ಯ ಮುಖ್ಯ ಪರಿವೀಕ್ಷಕರೇ,

ನಮ್ಮೂರಿನ ಅಣು ಇಂಧನ ಕಾರ್ಖಾನೆಯಲ್ಲಿ ಕಳೆದ ವಾರ ತಮ್ಮ ಸಮ್ಮುಖದಲ್ಲಿ ನಡೆದ ತುರ್ತುಸ್ಥಿತಿಯ ಅಣಕು ಕಾರ್ಯಾಚರಣೆ ನೂರಕ್ಕೆ ನೂರು ಯಶಸ್ವಿಯೆಂದು ತಾವು ಮೈಕಿನಲ್ಲಿ ಘೋಷಿಸಿದಿರಿ. ಗಾಯಾಳುಗಳೆಲ್ಲರನ್ನೂ ಸುರಕ್ಷಿತ ಸ್ಥಳಕ್ಕೆ ಸಾಗಿಸಲಾಗಿದೆ ಎಂದಿರಿ. ಆ ಮಾತು ನನಗೆ ಬಹಳ ಸ್ಪಷ್ಟವಾಗಿ ಕೇಳಿಸಿತು. ಏಕೆಂದರೆ ನಾನೂ ಆ ಗಾಯಾಳುಗಳಲ್ಲಿ ಒಬ್ಬ. ಆ ಹೊತ್ತಿನಲ್ಲಿ ಪುಡಿ ವಿಭಾಗದ ಶೆಡ್ಡಿನ ಹಿಂದೆ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದೆ.

ನಾನು ಕಾರ್ಖಾನೆಯ ಗೇಟಿನೆದುರು ಬೇಕರಿ ಇಟ್ಟುಕೊಂಡವನು. ನನ್ನ ಹೆಂಡತಿ ಗೇಟಿನೊಳಗೆ, ಯುರೇನಿಯಂ ಪುಡಿಯನ್ನು ಒತ್ತಿ ಗುಳಿಗೆ ಮಾಡುವ ಯಂತ್ರದ ಮುಂದೆ ದುಡಿಯುವವಳು. ಗಾಯಾಳುಗಳ ಪಾತ್ರಕ್ಕೆ ಊರಿನವರು ಬೇಕೆಂದು ಕರೆ ಬಂದಾಗ ನನ್ನನ್ನು ಹುರಿದುಂಬಿಸಿದವಳೂ ಅವಳೇ. "ಸುಮ್ನೆ ಬಿದ್ಕೊಂಡಿರೋ ಕೆಲಸ ರೀ, ನಿಮಗೆ ಹೇಳಿ ಮಾಡಿಸಿದ್ಹಾಗಿದೆ" ಎಂದಳು. ಕಾರ್ಖಾನೆಯ ಸುರಕ್ಷತಾಧಿಕಾರಿ ನನ್ನ ಕೊರಳಿಗೆ ಕೆಂಪು ಪಟ್ಟಿ ಕಟ್ಟಿ, "ಪುಡಿ ಸೋರಿದೆ. ನೀವು ಓಡೋವಾಗ ಬಿದ್ದು ತಲೆಗೆ ಪೆಟ್ಟಾಗಿದೆ. ಪ್ರಜ್ಞೆ ಇಲ್ಲ. ಏನೇ ಆದ್ರೂ ಬಾಯಿ ಬಿಡ್ಬೇಡಿ" ಎಂದು ತಾಕೀತು ಮಾಡಿದರು.

ಸೈರನ್ ಕೂಗಿತು. ಬಿಳಿ ಉಡುಪು, ಮುಖವಾಡ ತೊಟ್ಟವರು ಸ್ಟ್ರೆಚರ್ ಹಿಡಿದು ಓಡಿಬಂದರು. ಅರೆಗಣ್ಣಿನಲ್ಲಿ ನೋಡುತ್ತಿದ್ದೆ. ನನಗಿಂತ ಸ್ವಲ್ಪ ಮುಂದೆ ತಮ್ಮ ಆಪ್ತ ಸಹಾಯಕರು ಬಗ್ಗಿ ಷೂ ಲೇಸ್ ಕಟ್ಟಿಕೊಳ್ಳುತ್ತಿದ್ದರು. ಬಂದವರು ಅವರನ್ನೇ ಎತ್ತಿ ಮಲಗಿಸಿದರು!

"ಏಯ್, ಬಿಡ್ರಯ್ಯಾ! ನಾನು ಇನ್‌ಸ್ಪೆಕ್ಷನ್‌ಗೆ ಬಂದೋನು!"

"ಆಯ್ತು ಸಾರ್, ಆಯ್ತು. ಗಾಬರಿಯಾದೋರು ಹೀಗೇ ಏನೇನೋ ಮಾತಾಡ್ತಾರೆ ಅಂತ ಟ್ರೈನಿಂಗಲ್ಲಿ ಹೇಳಿದಾರೆ" ಎಂದು ಮುಖವಾಡದೊಳಗಿನಿಂದ ಸಾಂತ್ವನ ಬಂತು.

ನಾನು ಬಾಯಿ ಬಿಟ್ಟಿದ್ದರೆ ಪಾಪ, ಅವರು ಪಾರಾಗುತ್ತಿದ್ದರು. ಆದರೆ ನನಗೆ ಪ್ರಜ್ಞೆ ಇರಲಿಲ್ಲವಲ್ಲ? ಆವತ್ತು ಇಡೀ ಕಾರ್ಖಾನೆಯಲ್ಲಿ ನಿಯಮ ಪಾಲಿಸಿದವನು ನಾನೊಬ್ಬನೇ ಇರಬೇಕು.

ಆಮೇಲೆ ತಮ್ಮ ಭಾಷಣ, ಚಪ್ಪಾಳೆ, ಕಾಫಿಯ ಕಪ್ಪು-ಬಸಿಗಳ ಸದ್ದು. ನನ್ನ ಕಿವಿಯ ಸುತ್ತ ಇರುವೆಗಳ ಪರಿವೀಕ್ಷಣೆ. ಅತ್ತ ನನ್ನ ಹೆಂಡತಿ ಮೇಲ್ವಿಚಾರಕರನ್ನು ಹಿಡಿದು, "ನಮ್ಮನೆಯೋರು ಕಾಣ್ತಿಲ್ಲ" ಎಂದಳಂತೆ. "ಲೆಕ್ಕ ಸರಿಯಾಗಿದೆಯಮ್ಮಾ. ಇನ್ನೂ ಕಾಣ್ತಿಲ್ಲ ಅಂದ್ರೆ ಅದು ನಿಮ್ಮ ಮನೆ ವಿಷಯ" ಎಂದರಂತೆ ಅವರು. ಕೊನೆಗೆ ಅವಳೇ ಹುಡುಕಿಕೊಂಡು ಬಂದಳು.

"ಏನ್ರೀ, ಇನ್ನೂ ಇಲ್ಲೇ ಬಿದ್ದಿದೀರಾ?"

"ಮಾತಾಡಿಸ್ಬೇಡ ಕಣೇ, ನನಗೆ ಪ್ರಜ್ಞೆ ಇಲ್ಲ."

"ಅದು ಮದುವೆಯಾದಾಗಿಂದ ಗೊತ್ತು. ಏಳಿ ಮೇಲೆ!"

ಇಬ್ಬರೂ ವೇದಿಕೆಗೆ ಬಂದೆವು. ತಮ್ಮ ಸಹಾಯಕರು ಟವೆಲ್ ಸುತ್ತಿಕೊಂಡು ಕುಳಿತಿದ್ದರು. ಮೈಗೆ ಅಂಟಿಯೇ ಇರದ ಪುಡಿಯನ್ನು ತೊಳೆಯಲು ಅವರನ್ನು ತಣ್ಣೀರಿನ ಷವರಿನಡಿ ನಿಲ್ಲಿಸಿದ್ದರಂತೆ. ನಾನು ನಡೆದದ್ದನ್ನೆಲ್ಲ ಹೇಳಿದೆ. ತಾವು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಒಟ್ಟು ಸಂಖ್ಯೆ ಸರಿಯಿದೆ ತಾನೇ? ಮತ್ತೇನ್ರೀ ನಿಮ್ಮ ತೊಂದರೆ?" ಎಂದಿರಿ.

ತೊಂದರೆ ಏನೆಂದು ಈಗ ಹೇಳುತ್ತೇನೆ. ತಾವು ಬರುವ ದಿನ ಇಡೀ ಊರಿಗೆ ಮೊದಲೇ ಗೊತ್ತಿತ್ತು. ಗೋಡೆಗೆ ಬಣ್ಣ ಬಂತು, ಹೂಕುಂಡಗಳು ಬಂದವು, ನನ್ನ ಬೇಕರಿಗೆ ಕೇಕಿನ ಆರ್ಡರೂ ಬಂತು. ಅಪಘಾತವೂ ಹೀಗೆಯೇ ಮುಂಚಿತವಾಗಿ ಪತ್ರ ಬರೆದು, ಕೇಕು ತಯಾರಾದ ಮೇಲೆ ಬರುತ್ತದೆಯೇ? ಕಾರ್ಖಾನೆ ತೋರಿಸಿದ್ದನ್ನಷ್ಟೇ ನೋಡಿ ಹೋಗುವುದಾದರೆ ಅದಕ್ಕೆ ಪರಿವೀಕ್ಷಕರು ಬೇಕೇ? ನೆಂಟರು ಸಾಲದೇ?

ಮನೆಗೆ ಬಂದು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಗುನಗುತ್ತಲೇ ಅವಳು ಮರುದಿನದ ಪಾಳಿಗೆ ಸಮವಸ್ತ್ರ ಮಡಿಸತೊಡಗಿದಳು. "ರೀ, ಇವತ್ತು ನಿಮ್ಮನ್ನ ಹುಡುಕೋಕೆ ನಾನಿದ್ದೆ. ನಿಜವಾಗ್ಲೂ ಪುಡಿ ಸೋರಿದ ದಿನ ಅಲ್ಲಿ ಬಿದ್ದಿರೋಳು ನಾನು. ನಿಮ್ಮನ್ನ ಗೇಟೊಳಗೆ ಯಾರು ಬಿಡ್ತಾರೆ?" ಎಂದಳು.

ಆದ್ದರಿಂದ, ಮಾನ್ಯರೇ, ಕಾರ್ಯಾಚರಣೆ ಮತ್ತೊಮ್ಮೆ ನಡೆಯಲಿ. ಯಾರಿಗೂ ಹೇಳದೆ ಬನ್ನಿ. ತಲೆ ಎಣಿಸುವುದನ್ನು ಬಿಟ್ಟು ಹೆಸರು ಕೂಗಿಸಿ, ಓಗೊಡದವರನ್ನು ಹುಡುಕಿಸಿ. ಅಲ್ಲಿಯವರೆಗೆ ಕಾರ್ಖಾನೆಯ ಪರವಾನಗಿ ನವೀಕರಿಸಬೇಡಿ. ಈ ಪತ್ರಕ್ಕೆ ಉತ್ತರ ಬರೆಯುವ ಕೃಪೆ ಮಾಡಿದರೆ ಅದನ್ನು ಅವಳ ಹೆಸರಿಗೇ ಕಳಿಸಿ. ಪ್ರಶ್ನೆ ಅವಳದು, ಸಮಾಧಾನ ಹೇಳುವಷ್ಟು ಸುಳ್ಳು ನನಗೆ ಬರುವುದಿಲ್ಲ.

ಇಂತಿ,
ಗುಳಿಗೆ ವಿಭಾಗದವಳ ಪಾಳಿ ಮುಗಿಯುವತನಕ ಗೇಟನ್ನೇ ನೋಡುತ್ತ ನಿಲ್ಲುವ
ಬೇಕರಿಯವ