ಜಂಬಣ್ಣ ಹೊತ್ತದ್ದು

ತೆಕ್ಕಲಕೋಟೆ
೯-೭-೧೯೭೪, ಮಂಗಳವಾರ

ಪ್ರೀತಿಯ ತಮ್ಮ ಗಾದಿಲಿಂಗನಿಗೆ,

ನಿನ್ನ ಅಕ್ಕ ಬರೆಯುವುದು. ನಾನು, ನಿಮ್ಮ ಭಾವ, ಮನೆಯ ದನಕರು ಎಲ್ಲ ನೆಟ್ಟಗಿದ್ದೇವೆ. ನಿನ್ನ ಮೈ ಹೇಗಿದೆ? ಭಾನುವಾರ ಬಳ್ಳಾರಿಯ ನಿಮ್ಮ ಶಿಲುಬೆಯ ಗುಡಿಯಲ್ಲಿ ನಿನ್ನನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಎಬ್ಬಿಸಿದಾಗ ನೀನು ಕೆಮ್ಮಿದ್ದು ಹೆಂಗಸರ ಸಾಲಿನ ಕೊನೆಯಲ್ಲಿ ಕೂತ ನನಗೂ ಕೇಳಿಸಿತು. ಆಮೇಲೆ ಒದ್ದೆ ತಲೆ ಒರೆಸಿಕೊಳ್ಳದೆ ಅಷ್ಟು ಹೊತ್ತು ನಿಂತು ಮಾತಾಡಿದೆ. ಚಿಕ್ಕಂದಿನಿಂದ ನಿನಗೆ ತಣ್ಣೀರು ಆಗಿಬರುವುದಿಲ್ಲ, ಎದೆ ಕಟ್ಟುತ್ತದೆ. ಅದರ ಮೇಲೆ ಬ್ರೂಸ್‌ಪೇಟೆಯ ಆ ಹತ್ತಿ ಅಂಗಡಿಯ ಧೂಳು ಬೇರೆ. ಶುಂಠಿ, ಮೆಣಸು ಕುದಿಸಿ ಬೆಲ್ಲ ಹಾಕಿ ಮೂರು ದಿನ ಕುಡಿ. ಖಾನಾವಳಿಯವನ ಹತ್ತಿರ ಮಜ್ಜಿಗೆ ಬೇಡ ಅನ್ನು. ಇಷ್ಟು ಅಕ್ಕನಾಗಿ ಕೇಳಬೇಕಾದ್ದು ಕೇಳಿದೆ. ಇನ್ನು ಮುಂದಿನದೆಲ್ಲ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ನೀನೂ ಹಾಗೇ ತಿಳಿದು ಓದು.

ಕರೆದು ಕೂರಿಸಿದ ಅಕ್ಕ ಉಣ್ಣದೆ ಯಾಕೆ ಎದ್ದುಹೋದಳು ಅಂತ ನಿನಗೆ ಅನ್ನಿಸಿರಬೇಕು. ನೀನು ನಿಮ್ಮವರಿಗೆಲ್ಲ ಏನು ಹೇಳಿರುತ್ತೀ ಅಂತ ಊಹಿಸಬಲ್ಲೆ. ಅಕ್ಕನಿಗೆ ಮತ ಬಿಟ್ಟದ್ದು ಸೇರಲಿಲ್ಲ, ಹಳ್ಳಿಯವಳು, ಕಟ್ಟಾ ಲಿಂಗವಂತಳು ಅಂದಿರುತ್ತೀ. ನಿನ್ನ ಬರಿ ಕೊರಳು ನೋಡಿದಾಗ ನನ್ನ ಕೊರಳಿನ ಲಿಂಗ ಹಿಡಿದುಕೊಂಡೆ, ಸುಳ್ಳು ಯಾಕೆ ಹೇಳಲಿ. ಅಪ್ಪ ತನ್ನ ಕೈಯಾರೆ ಕಟ್ಟಿಸಿದ ಲಿಂಗವನ್ನು ಯಾವ ಪೆಟ್ಟಿಗೆಯ ತಳದಲ್ಲಿ ಒಗೆದಿದ್ದೀಯೋ, ಬರುವಾಗ ಅದನ್ನು ತಂದು ನನ್ನ ಕೈಗೆ ಕೊಡು. ನಿನಗೆ ಈಗ ದೇವದಾನ ಅಂತ ಹೆಸರಂತೆ. ಇರಲಿ, ನನ್ನ ಬಾಯಿ ಹೊರಳುವುದು ಗಾದಿಲಿಂಗ ಅಂತಲೇ. ಆದರೆ ನಾನು ಎದ್ದು ಬಂದದ್ದು ಅದಕ್ಕಲ್ಲ.

ನಿಮ್ಮ ಗುಡಿಯ ಅಯ್ಯನವರು ಹೇಳಿದ್ದನ್ನು ನಾನು ಕಿವಿಗೊಟ್ಟು ಕೇಳಿದೆ. ದೇವರು ಮೇಲಿಂದ ಇಳಿದು ಮನುಷ್ಯನಾಗಿ ಹುಟ್ಟಿದ, ದನದ ಕೊಟ್ಟಿಗೆಯಲ್ಲಿ ಹುಟ್ಟಿದ, ನಮ್ಮೆಲ್ಲರ ಪಾಪವನ್ನು ತಾನು ಹೊತ್ತು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಅಂದರು. ಇದರಲ್ಲಿ ನನಗೇನೂ ತಕರಾರಿಲ್ಲ. ಕೈಲಾಸದ ನಂದಿಯೇ ಮನುಷ್ಯನಾಗಿ ಹುಟ್ಟಿ ಬಸವಣ್ಣನಾದ ಅಂತ ಹಾಲು ಕುಡಿಯುವಾಗಿನಿಂದ ಕೇಳಿದವಳು ನಾನು. ದೇವರು ಇಳಿದು ಬಂದ ಅಂದರೆ ನಮಗೆ ಹೊಸದಲ್ಲ. ಕೊಟ್ಟಿಗೆಯಲ್ಲಿ ಹುಟ್ಟಿದ ಅಂದಾಗಲಂತೂ ನಮ್ಮ ಮನೆಯ ಸುದ್ದಿ ಕೇಳಿದ ಹಾಗಾಗಿ ಖುಷಿಯೂ ಆಯಿತು. ಇನ್ನೊಬ್ಬರ ಪಾಪ ಹೊತ್ತು ಸತ್ತ ಅಂದಾಗ ಕಣ್ಣು ಒರೆಸಿಕೊಂಡೆ. ಪಕ್ಕದಲ್ಲಿ ಕೂತ ಹೆಂಗಸು ನನ್ನ ಕೈ ಹಿಡಿದುಕೊಂಡಳು. ಆಮೇಲೆ ನೀನು ಸಾಕ್ಷಿ ಹೇಳಲು ಎದ್ದು ನಿಂತೆ.

ನಿಮ್ಮಲ್ಲಿ ಅದು ಪದ್ಧತಿಯಂತೆ, ನೀರಿನಲ್ಲಿ ಮುಳುಗಿ ಎದ್ದವರು ತಾವು ಹಿಂದೆ ಹೇಗಿದ್ದೆವು ಅಂತ ಎಲ್ಲರ ಮುಂದೆ ಹೇಳುವುದು. ನೀನು ಅಳುತ್ತಾ ಹೇಳಿದೆ. ಊರಿನಲ್ಲಿ ಒಂದು ಮದುವೆಯ ದಿನ, ಎಲ್ಲರೂ ಊಟದ ಚಪ್ಪರದಲ್ಲಿದ್ದಾಗ, ಸರದಿ ಇಲ್ಲದಿದ್ದರೂ ಕಾಲುವೆಯ ತೂಬಿನ ಗೇಟು ಎತ್ತಿ ನಮ್ಮ ಸಸಿ ಮಡಿಗೆ ನೀರು ಬಿಟ್ಟೆ, ಉಂಡು ಬಂದು ಇಳಿಸಬೇಕೆಂದಿದ್ದೆ, ಇಸ್ಪೀಟಿಗೆ ಕೂತು ಮರೆತೆ, ನೀರು ಒಡ್ಡು ಒಡೆದು ಕೆಳಗೇರಿಗೆ ನುಗ್ಗಿತು, ಸಂಜೆಗೆ ನೆನೆದ ಗೋಡೆ ಬಿದ್ದು ಒಬ್ಬ ಹೆಂಗಸಿನ ಕಾಲು ಜಜ್ಜಿಹೋಯಿತು ಅಂದೆ. ಒಂಬತ್ತು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇವತ್ತು ಇಳಿಯಿತು, ನನ್ನ ಪಾಪವನ್ನು ಕರ್ತನು ಹೊತ್ತ, ನಾನು ಹಗುರಾದೆ ಅಂದೆ. ಎಲ್ಲರೂ ಸ್ತೋತ್ರ ಸ್ತೋತ್ರ ಅಂದರು. ಹಾರ್ಮೋನಿಯಂ ಶುರುವಾಯಿತು. ನನ್ನ ಕೈ ಹಿಡಿದಿದ್ದ ಹೆಂಗಸು ಆನಂದದಿಂದ ಅಳುತ್ತಿದ್ದಳು. ನನಗೆ ಕಾಲಿನಿಂದ ತಲೆಯವರೆಗೆ ಉರಿ ಹತ್ತಿತು.

ಲೇ ಗಾದಿಲಿಂಗ, ಜಂಬಣ್ಣನ ಹೆಸರು ಎಲ್ಲಿ ಹೋಯಿತೋ? ಮರುದಿನ ಚಾವಡಿಯಲ್ಲಿ ಊರು ಸೇರಿದಾಗ ನಾನೂ ಇದ್ದೆ. ಕಾಲು ಜಜ್ಜಿದ ಮಾರೆಮ್ಮನನ್ನು ಬಂಡಿಯಲ್ಲಿ ಹಾಕಿಕೊಂಡು ಸಿರುಗುಪ್ಪದ ಆಸ್ಪತ್ರೆಗೆ ಒಯ್ದಿದ್ದರು, ಬದುಕುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಗೇಟು ಎತ್ತಿದವರು ಯಾರು ಅಂತ ಹಿರಿಯರು ಕೇಳಿದರು. ನಮ್ಮ ಹೊಲದ ಆಳು ಜಂಬಣ್ಣ, ಕಾಲುವೆ ಬಂದಾಗಿನಿಂದ ತೂಬಿನ ಗೇಟು ಎತ್ತುವ ಕೀಲಿ ಕಾಯ್ದವನು, ಎದ್ದು ನಿಂತು 'ನಂದ ತಪ್ಪು. ಎತ್ತಿದ್ದು ಮರ್ತು ಉಣ್ಣಾಕ ಹೋದೆ' ಅಂದ. ನೀನು ಕಂಬ ಹಿಡಿದುಕೊಂಡು ನಿಂತಿದ್ದೆ. ಪಾಪ, ಹುಡುಗ ಹೆದರಿದ್ದಾನೆ ಅಂದುಕೊಂಡೆ ನಾನು. ಜಂಬಣ್ಣನ ಮಾತನ್ನು ಊರು ಆ ಕ್ಷಣವೇ ನಂಬಿತು. ಆಳು ತಪ್ಪು ಮಾಡಿದ ಅಂದರೆ ನಂಬಲು ನಮ್ಮ ಊರಿಗೆ ಹೊತ್ತು ಬೇಕಿಲ್ಲ. ಕೀಲಿ ಕಸಿದುಕೊಂಡರು. ನೀನು ತಿಂಗಳೊಳಗೆ ಬಳ್ಳಾರಿಯಲ್ಲಿ ಗುಮಾಸ್ತೆ ಕೆಲಸ ಹುಡುಕಿಕೊಂಡೆ.

ನೀನು ಹೋದ ಮೇಲೆ ಇಲ್ಲಿ ಏನೇನಾಯಿತು ಅಂತ ಒಂದು ಸಲವೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಮಾರೆಮ್ಮ ಬದುಕಿದಳು, ಕೋಲೂರಿ ಓಡಾಡುತ್ತಾಳೆ. ಜಂಬಣ್ಣ ಎದುರು ಬಂದರೆ ನಿಂತು ಉಗುಳಿ, ಅವನ ಮನೆತನ ಹಾಳಾಗಲಿ ಅಂದ ಮೇಲೆಯೇ ಅವಳಿಗೆ ಮುಂದಿನ ಹೆಜ್ಜೆ. ಜಂಬಣ್ಣನ ಮಗಳಿಗೆ ಕುರುಗೋಡಿನಿಂದ ಬಂದ ಒಳ್ಳೆಯ ಸಂಬಂಧ 'ಕೇರಿ ಮುಳುಗಿಸಿದವನ ಮಗಳು' ಅಂತ ತಪ್ಪಿಹೋಯಿತು. ವರ್ಷಾ ವರ್ಷಾ ಮೊದಲ ನೀರು ಬರುವ ದಿನ ಕಾಲುವೆಯ ಏರಿಯ ಮೇಲೆ ಊರೆಲ್ಲ ಸೇರುವುದು, ಕೀಲಿ ಹಿಡಿದವನು ಕಾಯಿ ಒಡೆದು ಗೇಟು ಎತ್ತಿ ಮೊದಲ ಬೊಗಸೆ ನೀರು ಕುಡಿಯುವುದು ನಿನಗೆ ಗೊತ್ತಲ್ಲ. ಒಂದು ಕಾಲಕ್ಕೆ ಆ ಬೊಗಸೆ ಜಂಬಣ್ಣನದು. ಈಗ ಅವನು ದೂರದ ಜಾಲಿ ಗಿಡದ ಕೆಳಗೆ ನಿಂತು ನೋಡುತ್ತಾನೆ. ಕೀಲಿ ವರ್ಷಕ್ಕೊಂದು ಮನೆ ತಿರುಗುತ್ತದೆ.

ಭಾನುವಾರದ ಮಾತಿಗೆ ಬರುತ್ತೇನೆ. ನಾನು ಗುಡಿಯ ಗೇಟಿನ ಹತ್ತಿರ ಬಂದಾಗ ನಿಮ್ಮ ಅಯ್ಯನವರು ಚಪ್ಪಲಿ ಇಲ್ಲದೆ ಹಿಂದೆಯೇ ಓಡಿಬಂದರು. 'ಊಟ ಮಾಡಿ ಹೋಗ್ರಿ ತಾಯಿ, ನಿಮ್ಮ ತಮ್ಮನ ಹಬ್ಬ ಐತಿ' ಅಂದರು. ಜಂಬಣ್ಣನ ವಿಷಯ ಇವನು ನಿಮಗೆ ಹೇಳಿದ್ದಾನೋ ಅಂತ ಕೇಳಿದೆ. ಯಾವ ಜಂಬಣ್ಣ ಅಂದರು. ನಾನು ಎಲ್ಲ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ, ರಸ್ತೆಯಲ್ಲಿ ಟಾಂಗಾದವನು ನಿಂತು ನೋಡಿದ. ಅವರ ಮುಖ ಸಣ್ಣದಾಯಿತು. ಒಳ್ಳೆಯ ಮನುಷ್ಯ, ವಾದ ಮಾಡಲಿಲ್ಲ. 'ಪಾಪ ಹೊರಾಕ ಕರ್ತ ಬಂದಾನ ತಾಯಿ, ಅದು ಖರೇನ. ಆದ್ರ ನೋಯಿಸಿದವರ ಬಾಗಿಲಿಗೆ ನಡ್ಕೊಂಡು ಹೋಗಾಕ ನಮ್ಮ ಕಾಲ ಬೇಕು. ಅವಗ ನಾನು ಹೇಳ್ತೀನಿ' ಅಂದರು. ಹೇಳಿದರೋ ಇಲ್ಲವೋ ನೀನೇ ಬಲ್ಲೆ.

ವಾಪಸ್ಸು ಬರುವಾಗ ಕುರುಗೋಡಿನಲ್ಲಿ ಇಳಿದು ದೊಡ್ಡಬಸಪ್ಪನ ಮುಂದೆ ಕೂತೆ. ಅಷ್ಟು ದೊಡ್ಡ ಕಲ್ಲಿನ ಬಸವ, ಎಷ್ಟು ಜನರ ಗೋಳು ಕೇಳಿದ್ದಾನೋ, ನನ್ನದನ್ನೂ ಕೇಳಿದ. ನಿನ್ನನ್ನು ಮನಸಾರೆ ಬೈದೆ. ನಿನ್ನ ಹೊಸ ದೇವರಿಗೂ ಎರಡು ಮಾತು ಅಂದೆ. ಆಮೇಲೆ ಅವನನ್ನು ಬೈಯುವುದು ಸರಿಯಲ್ಲ ಅನ್ನಿಸಿತು, ತಪ್ಪು ಮಾಡದೆ ಹೊತ್ತವನು ಅವನು. ಅವನಿಗೂ ಜಂಬಣ್ಣನಿಗೂ ಅಷ್ಟೇನು ಫರಕಿದೆ? ಅವನಿಗಾದರೂ ಹಾರ್ಮೋನಿಯಂ ಬಾರಿಸಿ ಹಾಡುತ್ತಾರೆ, ಜಂಬಣ್ಣನಿಗೆ ಉಗುಳುತ್ತಾರೆ.

ನಿನ್ನೆ ಬೆಳಿಗ್ಗೆ ಜಂಬಣ್ಣನ ಮನೆಗೆ ಹೋದೆ. ನಿಜ ಹೇಳು ಅಂದೆ. ಮೊದಲು ಅವನಿಗೆ ಸಿಟ್ಟೇ ಬಂತು, 'ಈಗ್ಯಾಕ ಕೆದಕ್ತೀರಿ ಅವ್ವಾರ' ಅಂತ ರೇಗಿದ. ನಾನು ಏಳಲಿಲ್ಲ. ಕೊನೆಗೆ ಬೀಡಿ ಆರಿಸಿ ಹೇಳಿದ. ಆವತ್ತು ಗೂಟದ ಮೇಲೆ ಕೀಲಿ ಇರಲಿಲ್ಲವಂತೆ, ನೀನು ಮೊಣಕಾಲವರೆಗೆ ಒದ್ದೆ ಧೋತರ ಉಟ್ಟು ಏರಿಯಿಂದ ಬರುವುದನ್ನು ನೋಡಿದ್ದನಂತೆ. 'ನಿಮ್ಮಪ್ಪಾರು ಲಕ್ವಾ ಹೊಡದು ಮಲಗಿದ್ರು. ಮಗಾ ಇಂಥಾದ್ದು ಮಾಡ್ಯಾನಂದ್ರ ಅವತ್ತ ಹೋಗಿಬಿಡ್ತಿದ್ರು. ಬೈಸಿಕೊಳ್ಳಾಕ ನಾನ ಅದೀನಲ್ಲ ಅಂತ ಅಂದುಬಿಟ್ಟೆ. ನಾಕು ದಿನಕ್ಕ ತಮ್ಮ ತಾನ ಹೇಳ್ತಾನ ಅಂದ್ಕಂಡಿದ್ದೆ' ಅಂದ. ಕೇಳಿಸಿತೇನೋ? ನೀನೇ ಹೇಳುತ್ತೀಯ ಅಂತ ನಂಬಿದ್ದ. ಅಪ್ಪ ಆಮೇಲೆ ಒಂದು ವರ್ಷ ಬದುಕಿದ, ನಿನ್ನ ಗುಣಗಾನ ಮಾಡುತ್ತಲೇ ಸತ್ತ. ಅಪ್ಪ ಹೋದ ಮೇಲಾದರೂ ಯಾರ ಭಯ ಇತ್ತು ನಿನಗೆ?

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಪಕ್ಕೀರಮ್ಮ ಕೈ ನಿಲ್ಲಿಸಿದಳು. ಅವಳಿಗೂ ಅವನು ಹೇಳಿರಲಿಲ್ಲ. 'ಊರಾರು ಉಗುಳಿದ್ದು ಸಾಲ್ದಂತ ನಾನೂ ನಿನ್ನ ಮಕಕ್ಕ ಉಗುಳಿದ್ನಲ್ಲೋ' ಅಂತ ಹಿಟ್ಟಿನ ಕೈಯಲ್ಲೇ ಹಣೆ ಹಣೆ ಬಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. 'ನಿಮ್ಮ ತಮ್ಮಗ ಪಾಪ ಹೊರಾಕ ಒಬ್ಬ ದೇವ್ರು ಸಾಲ್ದಾತೇನ್ರಿ ಯವ್ವಾ? ನನ್ನ ಗಂಡನೂ ಬೇಕಾತೇನು?' ಅಂದಳು. ಹಟ್ಟಿಯ ಹೆಂಗಸು, ಓದು ಬರಹ ಇಲ್ಲದವಳು ಅಂತ ನೀನು ಉತ್ತರ ತಪ್ಪಿಸಿಕೊಳ್ಳಬೇಡ. ನಾನು ತಲೆ ತಗ್ಗಿಸಿ ಬಂದೆ. ನಿನ್ನ ಪಾಲಿನ ತಲೆ ನಾನು ತಗ್ಗಿಸಿದೆ, ಅದನ್ನೂ ನೆನಪಿಟ್ಟುಕೋ.

ನೀನು ಯಾವ ದೇವರನ್ನಾದರೂ ನಂಬು, ನಾನು ಅಡ್ಡ ಬರುವುದಿಲ್ಲ. ನಿಮ್ಮ ಭಾವನಿಗೂ ಹೇಳಿದ್ದೇನೆ, ಅವರು ನಿನ್ನೆಯೆಲ್ಲ ಮುಖ ಊದಿಸಿಕೊಂಡಿದ್ದು ಈಗ ಉಣ್ಣುತ್ತಿದ್ದಾರೆ. ಆದರೆ ಗುರುತಿಲ್ಲದವರ ಮುಂದೆ ಪಾಪ ಹೇಳಿಕೊಂಡು ಹಗುರಾಗುವುದು ಯಾವ ಸೀಮೆಯ ಹಗುರು? ಅವರಿಗೆ ತೆಕ್ಕಲಕೋಟೆಯ ತೂಬು ಎಲ್ಲಿದೆ ಗೊತ್ತೇ, ಮಾರೆಮ್ಮನ ಕಾಲು ಎತ್ತ ಕಡೆ ಸೊಟ್ಟಗಿದೆ ಗೊತ್ತೇ? ನಿನ್ನ ದೇವರಿಗೆ ಎಷ್ಟು ಎತ್ತರದ ಜಾಗ ಇತ್ತು. ಅಲ್ಲಿಯೇ ಕೂತು, ನಿಮ್ಮನ್ನು ಕ್ಷಮಿಸಿದ್ದೇನೆ ಅಂತ ಹೇಳಿಕಳಿಸಬಹುದಿತ್ತಲ್ಲ? ಅವನು ಹಾಗೆ ಮಾಡಲಿಲ್ಲ ಅಂತ ತಾನೇ ನೀವೆಲ್ಲ ಅವನಿಗೆ ಕೈಮುಗಿಯುವುದು? ಮೈ ತೊಟ್ಟು ಇಳಿದು ಬಂದ, ಸಗಣಿಯ ವಾಸನೆಗೆ ಹುಟ್ಟಿದ, ಉಗುಳಿಸಿಕೊಂಡ. ಅಂಥವನ ಶಿಷ್ಯ ನೀನು, ಬಳ್ಳಾರಿಯಿಂದ ತೆಕ್ಕಲಕೋಟೆಗೆ ಬಸ್ಸು ಹತ್ತಲಾರೆಯಾ?

ಬಾ. ಈ ವರ್ಷ ಕೀಲಿ ಸರದಿಯ ಮೇಲೆ ನಮ್ಮ ಮನೆಗೇ ಬಂದಿದೆ. ಮೊಳದುದ್ದದ ಆ ಕಬ್ಬಿಣ ಪಡಸಾಲೆಯ ಗೂಟದಲ್ಲಿ ನೇತಾಡುತ್ತಿದೆ. ಮೊದಲ ನೀರಿನ ದಿನ ಊರೆಲ್ಲ ಸೇರಿದಾಗ ಏರಿಯ ಮೇಲೆ ನಿಂತು, ಬಳ್ಳಾರಿಯಲ್ಲಿ ಹೇಳಿದ್ದನ್ನೇ ಹೇಳು, ಬಿಟ್ಟಿದ್ದ ಹೆಸರನ್ನೂ ಸೇರಿಸಿ ಹೇಳು. ಅಳುವುದಾದರೆ ಅಲ್ಲಿ ಅಳು. ಕೀಲಿಯನ್ನು ನಿನ್ನ ಕೈಯಿಂದ ಜಂಬಣ್ಣನಿಗೆ ಕೊಡು. ಊರು ಬೈಯುತ್ತದೆ, ಒಬ್ಬಿಬ್ಬರು ಕೈ ಮಾಡಿದರೂ ಮಾಡಿಯಾರು, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಅದಕ್ಕೂ ಮೊದಲು ಮಾರೆಮ್ಮನ ಗುಡಿಸಲಿಗೆ ಹೋಗು. ಅವಳಿಗೆ ನಾನಿನ್ನೂ ಹೇಳಿಲ್ಲ. ಅದು ನಿನ್ನ ಬಾಯಿಂದಲೇ ಆಗಬೇಕು.

ದೊಡ್ಡಬಸಪ್ಪ ನಿನಗೆ ಬುದ್ಧಿ ಕೊಡಲಿ, ನಿನ್ನ ಕರ್ತ ಧೈರ್ಯ ಕೊಡಲಿ. ಇಬ್ಬರೂ ಸೇರಿ ನಿನ್ನ ಎದೆಯ ಕೆಮ್ಮು ಕಡಿಮೆ ಮಾಡಲಿ. ಅಯ್ಯನವರಿಗೆ ನನ್ನ ಶರಣು ತಿಳಿಸು, ಉಣ್ಣದೆ ಬಂದದ್ದಕ್ಕೆ ಬೇಸರ ಬೇಡ ಅನ್ನು.

ನಿನ್ನನ್ನು ಎತ್ತಿ ಆಡಿಸಿದ, ಈಗ ನಿನ್ನ ಮೇಲೆ ಸಿಟ್ಟಾಗಿರುವ ಅಕ್ಕ,
ಅಕ್ಕನಾಗಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ಜಂಬಣ್ಣ ಬಂದ. ಮೇಲಿನಿಂದ ನೀರು ಬಿಟ್ಟಿದ್ದಾರಂತೆ, ಸೋಮವಾರ ನಮ್ಮ ತೂಬಿಗೆ ಬರುತ್ತದೆ. ನಿನಗೆ ಕಾಗದ ಬರೆಯುತ್ತಿದ್ದೇನೆ ಅಂದೆ. 'ನನ್ನ ಮನಸ್ನಾಗ ಏನೂ ಇಲ್ಲ, ಬಿಟ್ಟುಬಿಟ್ಟೀನಿ, ಬರಾದು ಬ್ಯಾಡ ಅಂತ ಬರೀರಿ ಅವ್ವಾರ' ಅಂದ. ಬರೆಯುವುದಿಲ್ಲ ಅಂದೆ. ಅದು ಅಂಚೆಯಲ್ಲಿ ಕಳಿಸುವಂಥದ್ದಲ್ಲ, ನೀನೇ ಬಂದು ಅವನ ಬಾಯಿಂದ ಇಸಿದುಕೋ. ಪಕ್ಕೀರಮ್ಮ ಮಾತ್ರ ಇನ್ನೂ ಬಿಟ್ಟಿಲ್ಲ, ಅದೂ ನಿನಗೆ ಗೊತ್ತಿರಲಿ. ಸೋಮವಾರ ನೀನು ಬರದಿದ್ದರೆ ನಾನು ಕೀಲಿ ಯಾರಿಗೂ ಕೊಡುವುದಿಲ್ಲ. ಊರಿನ ಸಸಿ ಮಡಿ ಒಣಗಲಿ, ಹಿರಿಯರು ಬಂದು ಬಾಗಿಲು ಬಡಿಯಲಿ, ನಿಮ್ಮ ಭಾವ ಕಾಲು ಹಿಡಿಯಲಿ, ಕೊಡುವುದಿಲ್ಲ. ಯಾಕೆ ಅಂತ ಕೇಳಿದವರಿಗೆ, ನನ್ನ ತಮ್ಮ ಬರುತ್ತಿದ್ದಾನೆ, ದಾರಿಯಲ್ಲಿದ್ದಾನೆ ಅನ್ನುತ್ತೇನೆ. ಚಪ್ಪಲಿ ಹಾಕಿಕೊಂಡು ಬಾ, ಏರಿಯ ತುಂಬ ಜಾಲಿ ಮುಳ್ಳು ಬಿದ್ದಿದೆ.