ಕರ್ಕನ ಪಾಲಿಗೆ ಉಳಿದದ್ದು

ಅಪ್ಪಾ,

ಮಳಖೇಡದ ಕೋಟೆಯ ಮೇಲೆ ನಿನಗೆ ಒಂದು ಮಾತು ಅಂದಿದ್ದೆ. ಅದು ನಿನಗೆ ನೆನಪಿತ್ತೋ ಇಲ್ಲವೋ, ಕೇಳಲಿಕ್ಕೆ ನನಗೆ ಧೈರ್ಯ ಆಗಲೇ ಇಲ್ಲ. ಈಗ ಬರೆಯಾಕತ್ತೀನಿ.

ಅವತ್ತು ರವಿವಾರ. ನನ್ನ ಎಂ.ಎ. ಪರೀಕ್ಷೆ ಹತ್ತಿರ ಬಂದಿತ್ತು. ರಾಷ್ಟ್ರಕೂಟರ ರಾಜಧಾನಿಯನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಕಣ್ಣಿಲೆ ನೋಡು ಬಾ ಅಂತ ಶಹಾಬಾದಿನಿಂದ ಬೈಕಿನ ಮೇಲೆ ಕರೆದುಕೊಂಡು ಹೋಗಿದ್ದಿ. ಕಾಗಿಣಾ ನದಿ ಕಾಣುವ ಹಾಗೆ ಗೋಡೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತ, ಕೊನೆಯ ಅರಸರ ಕಥೆ ಹೇಳು ಅಂದಿ. ಹೇಳಿದೆ. ಖೊಟ್ಟಿಗ ಪಟ್ಟದಲ್ಲಿದ್ದಾಗ ಮಾಳವದ ಸೀಯಕ ಬಂದು ಈ ಊರನ್ನು ಲೂಟಿ ಮಾಡಿದ. ಸ್ವಲ್ಪ ದಿನಕ್ಕೇ ಖೊಟ್ಟಿಗ ತೀರಿಕೊಂಡ, ಅವನ ತಮ್ಮನ ಮಗ ಕರ್ಕ ಪಟ್ಟಕ್ಕೆ ಬಂದ. ಎರಡು ವರ್ಷ ತುಂಬುವುದರೊಳಗೆ ಅವನದೇ ಸಾಮಂತ ತೈಲಪ ರಾಜ್ಯ ಕಿತ್ತುಕೊಂಡ. ‘ಕರ್ಕ ಅಸಮರ್ಥ’ ಅಂತ ನೋಟ್ಸಿನಲ್ಲಿದ್ದ ಸಾಲನ್ನೂ ಓದಿದೆ.

ನೀ ಸುಲಿಯುವುದು ನಿಲ್ಲಿಸಿ ಕೇಳಿದಿ: “ಅವ ಪಟ್ಟಕ್ಕ ಕುಂತಾಗ ಏನು ಉಳದಿತ್ತು, ಯವ್ವಾ?”

ದೊಡ್ಡಪ್ಪ ತೀರಿಹೋದ ಮೇಲೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅವರ ಪಾಲಿಶ್ ಕಾರ್ಖಾನೆ ನಿನ್ನ ಕೈಗೆ ಬಂದಿತ್ತು, ವರ್ಷದ ಮೇಲೆ ನಡೆದು ಮುಚ್ಚಿತ್ತು; ಮುಚ್ಚಿ ಆಗ ಮೂರು ತಿಂಗಳಾಗಿತ್ತು. ಮನೆಮನೆಗೂ ಟೈಲ್ಸ್ ಬಂದಿದ್ದವು, ನಮ್ಮ ಕಲ್ಲು ಕೇಳುವವರಿರಲಿಲ್ಲ. ಆದರೂ ಬಳಗದವರೆಲ್ಲ, ಅಣ್ಣ ಕಟ್ಟಿದ್ದನ್ನು ತಮ್ಮ ಮುಳುಗಿಸಿದ ಅಂತಿದ್ದರು. ನಾನೂ ಹಾಗೇ ತಿಳಿದಿದ್ದೆ. ವಾಡಿಯಲ್ಲಿ ಇನ್ನೊಬ್ಬರ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ಮೊಳೆ ತೂಗುವ ಅಪ್ಪನನ್ನು ಗೆಳತಿಯರಿಗೆ ತೋರಿಸಲು ನಾಚುತ್ತಿದ್ದೆ. ಅದಕ್ಕೇ ಇರಬೇಕು, ಬಾಯಿಗೆ ಬಂದುಬಿಟ್ಟಿತು: “ಸೋತವರೆಲ್ಲಾ ತಪ್ಪು ಕಾಲದ ಮ್ಯಾಲೇ ಹಾಕ್ತಾರಪ್ಪ.”

ನೀ ಸಿಪ್ಪೆ ಝಾಡಿಸಿ ಎದ್ದಿ. ಸ್ವಲ್ಪ ಹೊತ್ತಿಗೆ ಕೇಳಿದ್ದೇ ಬೇರೆ. ಕರ್ಕನ ನಂತರ ಯಾರು? ಇಂದ್ರ ಅಂದೆ. ಗಂಗರು ಅವನಿಗೆ ಪಟ್ಟ ಕಟ್ಟಿ ನೋಡಿದರು, ನಡೆಯಲಿಲ್ಲ, ಕಡೆಗೆ ಶ್ರವಣಬೆಳಗೊಳದಲ್ಲಿ ಅನ್ನ ಬಿಟ್ಟು, ವ್ರತ ಹಿಡಿದು ತೀರಿಕೊಂಡ. “ಅವನ ಸಂಗಾಟ ಯಾರರ ಇದ್ರೇನು?” ಅಂದಿ. ಪುಸ್ತಕದಲ್ಲಿಲ್ಲ ಅಂದೆ. ನೀ ಹೋಗಿ ಬೈಕ್ ಚಾಲೂ ಮಾಡಿದಿ. ಆಮೇಲೆ ಕ್ಷಮೆ ಕೇಳಬೇಕು ಅಂತ ಎಷ್ಟು ಸಲ...

ನೀ ತೀರಿಕೊಂಡ ಮೇಲೆ ನಿನ್ನ ದಿನಕರ್ಮಕ್ಕೆ ಕೋಡ್ಲಾದಿಂದ ಮಲ್ಲಪ್ಪ ಬಂದಿದ್ದ, ನಮ್ಮಲ್ಲಿ ಪಾಲಿಶ್ ಮಶೀನು ನಡೆಸುತ್ತಿದ್ದವನು. ಊಟಕ್ಕೆ ಕುಂದ್ರಿ ಅಂದರೂ ಕೂರದೆ, ನಿಂತೇ ಹೇಳಿದ: “ಅಕ್ಕಾರ, ಕಾರ್ಖಾನಿ ಕೀಲಿಕೈ ಸಿಕ್ಕ ದಿನಾನೇ ನಿಮ್ಮ ಅಪ್ಪಾರು ನಮ್ಮನ್ನ ಕುಂದ್ರಿಸಿ ಹೇಳಿದ್ರು. ಇದು ಉಳಿಯಂಗಿಲ್ಲ, ಆದ್ರ ನಿಮಗೆಲ್ಲಾ ಒಂದೊಂದು ಜಾಗಾ ಆಗೂತನಕ ನಾ ಬಾಗಲಾ ಹಾಕಂಗಿಲ್ಲ ಅಂತ.”

ವರ್ಷಕ್ಕೂ ಹೆಚ್ಚು ಕಾಲ ನೀ ಒಬ್ಬೊಬ್ಬರ ಹೆಸರು ಹಿಡಿದು ರಾವೂರ, ಚಿತ್ತಾಪುರ, ಆದಿತ್ಯನಗರ ತಿರುಗಿದ್ದಿಯಂತೆ. ಮಲ್ಲಪ್ಪನ ಸಲುವಾಗಿ ಒಂದು ಕಾರ್ಖಾನೆಯ ಗೇಟಿನ ಮುಂದೆ ಮೂರು ದಿನ ಕಾದಿದ್ದಿಯಂತೆ. ನಮ್ಮಲ್ಲಿದ್ದ ಹನ್ನೊಂದು ಮಂದಿಯಲ್ಲಿ ಕೊನೆಯವನಿಗೂ ಕೆಲಸ ಸಿಕ್ಕ ಮೇಲೇ ಬೀಗ ಹಾಕಿದಿ. ನಿನಗಾಗಿ ಕೆಲಸ ಹುಡುಕಿಕೊಂಡದ್ದು ಎಲ್ಲರದೂ ಆದ ಮೇಲೆ. ಇದನ್ನು ಅವ್ವನಿಗೂ ಯಾಕೆ ಹೇಳಲಿಲ್ಲ? ಹೇಳಿದ್ದರೆ ನಾನು ಹಾಗೆ...

ಅಂದ ಮಾತು ತಪ್ಪು, ಅಪ್ಪಾ. ನಿನಗೂ ತಪ್ಪು, ಕರ್ಕನಿಗೂ ತಪ್ಪು. ಈಗ ಸೇಡಂನ ಕಾಲೇಜಿನಲ್ಲಿ ಆ ಪಾಠ ಮಾಡುವಾಗ ‘ಅಸಮರ್ಥ’ ಅನ್ನುವುದಿಲ್ಲ. ಲೂಟಿಯಾದ ಊರಿನಲ್ಲಿ ಅವನು ಆ ದಿನಗಳನ್ನು ಹೇಗೆ ಕಳೆದ, ಯಾರನ್ನು ಉಳಿಸಲು ನೋಡಿದ, ನನಗೆ ಗೊತ್ತಿಲ್ಲ ಅಂತಲೇ ಹೇಳುತ್ತೇನೆ. ಪರೀಕ್ಷೆಗೆ ಏನು ಬರೆಯಬೇಕು ಅಂತ ಹುಡುಗರಿಗೆ ಚಿಂತೆ.

ಇನ್ನೊಂದು ಸುದ್ದಿ. ಹೋದ ವಾರ ಚಿಂಚೋಳಿಯಲ್ಲಿ ಸೋದರತ್ತೆಯ ಮೊಮ್ಮಗಳ ಮದುವೆ ಇತ್ತು. ಊಟಕ್ಕೆ ಕುಳಿತಾಗ ದೊಡ್ಡಪ್ಪನ ಮಗ ಮತ್ತೆ ಅದನ್ನೇ ತೆಗೆದ, ಕಾಕಾನ ಕೈಯಲ್ಲಿ ಕಾರ್ಖಾನೆ ಮುಳುಗಿತು ಅಂತ. ನಾನು ಎಂಜಲ ಕೈಯಲ್ಲೇ ಎದ್ದು ನಿಂತೆ. “ಮುಳುಗಿದ ಮ್ಯಾಲೇ ಅಪ್ಪನ ಕೈಗೆ ಬಂತಣ್ಣಾ. ಅದರಾಗಿದ್ದ ಹನ್ನೊಂದು ಮಂದೀನ ಅಪ್ಪ ದಂಡಿಗೆ ಹಚ್ಚ್ಯಾನ” ಅಂದು, ಹನ್ನೊಂದು ಹೆಸರೂ ಹೇಳಿದೆ. ಮಲ್ಲಪ್ಪನಿಂದ ಕೇಳಿ ಬಾಯಿಪಾಠ ಮಾಡಿದ್ದೆ.

ಇಷ್ಟು ವರ್ಷ ನಿನ್ನನ್ನೇ ಬೈಯುತ್ತಿದ್ದ ಅತ್ತೆ ಎಲ್ಲರನ್ನೂ ಸುಮ್ಮನಿರಿಸಿ, “ಇನ್ನೊಮ್ಮೆ ಹೇಳಬೇ” ಅಂದಳು.

ಇನ್ನೊಮ್ಮೆ ಹೇಳಿದೆ.

ನಿನ್ನ ಸಾವಿತ್ರಿ